ಮೇಪಲ್‌ಫೋರ್ಡಿನಲ್ಲಿ ಹಮಾಲರಿಲ್ಲ

ಅವರು ತೀರಿಕೊಂಡ ಸುದ್ದಿ ನಮ್ಮ ಶಾಲೆಯ ವಾಟ್ಸಾಪ್ ಗುಂಪಿನಲ್ಲಿ ಬಂದಾಗ ನಾನು ಬ್ಯಾಡಗಿ ಬಸ್ ಸ್ಟ್ಯಾಂಡಿನಲ್ಲಿ ಹಾವೇರಿ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಅವರದೊಂದು ಹಳೆಯ ಫೋಟೋವನ್ನು ಹೆಡ್ ಮೇಡಂ ಹಾಕಿ, 'ಶಾಂತ ಸ್ವಭಾವದ, ಮೃದುಭಾಷಿಯಾದ ನಮ್ಮ ಮಾಜಿ ಸಹೋದ್ಯೋಗಿ ಇನ್ನಿಲ್ಲ' ಎಂದು ಬರೆದಿದ್ದರು. ಅದರ ಕೆಳಗೆ ಒಂದರ ಹಿಂದೊಂದು ಕೈಮುಗಿದ ಚಿತ್ರಗಳು ಬಂದು ಬೀಳುತ್ತಿದ್ದವು. ನಾನೂ ಅದನ್ನೇ ಒತ್ತಲು ಹೋದೆ. ಬೆರಳು ನಿಂತಿತು.

ಶಾಂತ ಸ್ವಭಾವವಂತೆ! ಆ ಹೆಂಗಸು ಬದುಕಿದ್ದಷ್ಟು ದಿನ ಯಾರ ಹತ್ತಿರವೂ ಮೆತ್ತಗೆ ಮಾತಾಡಿದವರಲ್ಲ. ನಾನು ಕಂಡ ಮನುಷ್ಯರಲ್ಲಿ ಅವರಷ್ಟು ಸಿಟ್ಟಿನವರು ಇನ್ನೊಬ್ಬರಿಲ್ಲ. ಇದ್ದಾಗ ಆ ಸಿಟ್ಟಿಗಾಗಿಯೇ ಅವರನ್ನು ಶಾಲೆಯಿಂದ ಕಳಿಸಿದ ಜನ, ಸತ್ತ ಮೇಲೆ ಆ ಸಿಟ್ಟನ್ನೂ ಒರೆಸಿ ಹಾಕಿ ಫೋಟೋಕ್ಕೆ ಹೂವು ಏರಿಸುತ್ತಿದ್ದರು. ನನ್ನ ಮೈ ಉರಿಯಿತು. ಬಸ್ಸು ಬಂತು, ಹೋಯಿತು. ನಾನು ಹತ್ತಲಿಲ್ಲ.

ನಮ್ಮದು ಮೆಣಸಿನಕಾಯಿ ವ್ಯಾಪಾರಸ್ಥರು ಕೂಡಿ ಕಟ್ಟಿಸಿದ ಇಂಗ್ಲಿಷ್ ಮಾಧ್ಯಮದ ಶಾಲೆ. ನಾನಲ್ಲಿ ಕನ್ನಡ ಕಲಿಸುತ್ತೇನೆ. ಅವರು ಮೂರು, ನಾಲ್ಕನೆಯ ಇಯತ್ತೆಗಳಿಗೆ ಸಮಾಜ ಪಾಠ ಹೇಳಲು ಬಂದರು. ಊರು ಹಲಗೇರಿ. ದಿನಾ ಅಲ್ಲಿಂದ ರಾಣೆಬೆನ್ನೂರಿಗೆ ಬಂದು, ರಾಣೆಬೆನ್ನೂರಿನಿಂದ ಇನ್ನೊಂದು ಬಸ್ಸು ಹಿಡಿದು ಬ್ಯಾಡಗಿಗೆ ಬರುತ್ತಿದ್ದರು. ನಮ್ಮಲ್ಲಿ ನನ್ನಂಥ ಹೆಣ್ಣು ಶಿಕ್ಷಕರನ್ನು ಮಕ್ಕಳು 'ಮಿಸ್' ಎನ್ನಬೇಕೆಂಬುದು ನಿಯಮ. ಮೊದಲನೆಯ ದಿನವೇ ಯಾವುದೋ ಹುಡುಗಿ ಎದ್ದು 'ಮಿಸ್' ಎಂದಳು.

"ನಾ ಎಲ್ಲಿ ಮಿಸ್ ಆಗೇನವಾ? ಇಲ್ಲೇ ನಿಂತೇನಿ, ಕಾಣಂಗಿಲ್ಲೇನು? ಅಕ್ಕೋರ ಅನ್ನು."

ಅಂದಿನಿಂದ ಅವರು ಇಡೀ ಶಾಲೆಗೆ ಅಕ್ಕೋರಾದರು. ಹೆಡ್ ಮೇಡಂ ಎರಡು ಸಲ ಸುತ್ತೋಲೆ ಕಳಿಸಿದರು. ಅಕ್ಕೋರು ಎರಡಕ್ಕೂ ಸಹಿ ಮಾಡಿ ವಾಪಸು ಕಳಿಸಿದರು, ಮಕ್ಕಳು ಅಕ್ಕೋರ ಎನ್ನುತ್ತಲೇ ಇದ್ದರು.

ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ಖಾರ ಬೇಕಾದವರು ಗುಂಟೂರಿನದು ಕೊಳ್ಳುತ್ತಾರೆ. ಸ್ಟಾಫ್ ರೂಮಿನಲ್ಲಿ ನಾವು ಬೆನ್ನ ಹಿಂದೆ ಅವರಿಗೆ ಗುಂಟೂರು ಎನ್ನುತ್ತಿದ್ದೆವು. ಅದೊಂದು ದಿನ ಅವರ ಕಿವಿಗೇ ಬಿತ್ತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. ಸೆರಗು ಸೊಂಟಕ್ಕೆ ಹೋಯಿತೆಂದರೆ ಮುಂದೆ ಏನೋ ಇದೆ ಎಂದು ಅರ್ಥ. "ಗುಂಟೂರಿನವ್ರಿಗೆ ಗೊತ್ತಾದ್ರ ಬ್ಯಾಸರ ಮಾಡಿಕೊಂಡಾರು" ಎಂದು ಹೇಳಿ, ರೊಟ್ಟಿಯ ಗಂಟು ಬಿಚ್ಚಿದರು. ಅವರು ಊಟ ಮಾಡುತ್ತಿದ್ದದ್ದು ನಿಂತುಕೊಂಡೇ. ಒಂದು ಕೈಯಲ್ಲಿ ಖಡಕ್ ರೊಟ್ಟಿ, ಇನ್ನೊಂದು ಕೈಯಲ್ಲಿ ಮಕ್ಕಳ ನೋಟ್‌ಬುಕ್ಕು. ಎಷ್ಟೋ ಮಕ್ಕಳ ಪುಸ್ತಕದಲ್ಲಿ ಶೇಂಗಾ ಚಟ್ನಿಯ ಬೆರಳಿನ ಗುರುತು ಇರುತ್ತಿತ್ತು. ತಾಯಂದಿರು ಅದಕ್ಕೂ ದೂರು ಕೊಟ್ಟಿದ್ದುಂಟು.

ಒಂದು ಸಲ ಬಸ್ಸಿನಲ್ಲಿ ಕಂಡಕ್ಟರ್ ಒಬ್ಬ ಮುದುಕಿಗೆ "ಏ ಮುದುಕಿ, ಆಚಿ ಸರಿ" ಎಂದನಂತೆ. ಅವನು "ಅಮ್ಮಾರ, ಸರೀರಿ" ಎನ್ನುವವರೆಗೂ ಟಿಕೀಟು ತೆಗೆಸುವುದಿಲ್ಲವೆಂದು ಇವರು ಕೂತರು. ಬಸ್ಸು ರಸ್ತೆಯ ಬದಿಗೆ ನಿಂತಿತು. ಜನ ಬೈದರು. ಅಕ್ಕೋರಿಗಲ್ಲ, ಕಂಡಕ್ಟರನಿಗೂ ಅಲ್ಲ, ಆ ಮುದುಕಿಗೇ ಬೈದರು! ಕಡೆಗೆ ಅವನು ಅಂದ. ಅಂದು ತಡವಾಗಿ ಬಂದ ಅಕ್ಕೋರು ಹಾಜರಿ ಪುಸ್ತಕದಲ್ಲಿ ತಡವಾದ ಕಾರಣ ಬರೆಯುವ ಜಾಗದಲ್ಲಿ 'ಕಂಡಕ್ಟರನಿಗೆ ಪಾಠವಿತ್ತು' ಎಂದು ಬರೆದರು.

ಅವರ ಸಿಟ್ಟು ಯಾವಾಗಲೂ ನ್ಯಾಯವಾದದ್ದೇ ಆಗಿರುತ್ತಿತ್ತು ಎಂದು ನಾನು ಹೇಳುವುದಿಲ್ಲ. ಕಸ ಗುಡಿಸುವ ಆಯಾ ಬೋರ್ಡಿನ ಮೇಲಿದ್ದ ನಕಾಶೆ ಅಳಿಸಿದಳೆಂದು ಅವಳನ್ನು ಕಣ್ಣೀರು ಬರುವಂತೆ ಬೈದರು. ಅಳಿಸಿದ್ದು ಅವಳಲ್ಲ, ಇಂಗ್ಲಿಷ್ ಕಲಿಸುವ ಸರ್ ಅಳಿಸಿದ್ದರು. ಮರುದಿನ ಆಯಾಳ ಪೊರಕೆಯ ಹತ್ತಿರ ಒಂದು ಡಬ್ಬಿ ಶೇಂಗಾ ಹೋಳಿಗೆ ಇತ್ತು. ತಪ್ಪಾಯಿತು ಎಂಬ ಮಾತು ಮಾತ್ರ ಬಾಯಿಂದ ಹೊರಡಲಿಲ್ಲ. ಆ ಮಾತು ಅವರಿಗೆ ಬರುತ್ತಿರಲಿಲ್ಲ.

ಮಕ್ಕಳ ಮೇಲೆ ಕೈ ಎತ್ತಿದವರಲ್ಲ. ಮಕ್ಕಳು ತಪ್ಪು ಉತ್ತರ ಹೇಳಿದರೂ ಸಿಟ್ಟಾಗುತ್ತಿರಲಿಲ್ಲ. ಯೋಚಿಸದೆ ಹೂಂಗುಟ್ಟಿದರೆ ಮಾತ್ರ ಟೇಬಲ್ಲಿಗೆ ಅಳತೆಪಟ್ಟಿಯ ಪೆಟ್ಟು ಬೀಳುತ್ತಿತ್ತು. "ಯಾರ್ ಹೇಳಿದ್ದು?" ಎನ್ನುತ್ತಿದ್ದರು. ಪುಸ್ತಕ ಹೇಳಿದೆ ಎಂದರೆ, "ಪುಸ್ತಕ ಬರದವ ಯಾರು? ಅವನ ಊರ ಯಾವುದು?"

ಒಂದು ವರ್ಷ ಮೂರನೆಯ ಇಯತ್ತೆಗೆ ಹೊಸ ಸಮಾಜ ಪುಸ್ತಕ ಬಂತು. ದೂರದ ಯಾವುದೋ ಪ್ರಕಾಶಕರದು. ಹೊಳೆಯುವ ಹಾಳೆ, ಹಾಳೆಯ ತುಂಬ ಬಣ್ಣ. ಅದರಲ್ಲಿ ಇಡೀ ಒಂದು ಭಾಗ, ಅಮೆರಿಕದ ಒಂದು ಪುಟ್ಟ ಊರಿನ ಪರಿಚಯ. ಊರಿನ ಹೆಸರು ಮೇಪಲ್‌ಫೋರ್ಡ್. ಒಂದು ಉದ್ದನೆಯ ರಸ್ತೆ, ರಸ್ತೆಯ ಬದಿಗೆ ಇಟ್ಟಿಗೆಯ ಲೈಬ್ರರಿ, ಬೆಂಕಿ ಆರಿಸುವವರ ಮನೆ ಮತ್ತು ಅವರ ಚುಕ್ಕೆ ಚುಕ್ಕೆ ನಾಯಿ, ಸೈಕಲ್ ಮೇಲೆ ಬರುವ ಮೇಯರ್ ಸಾಹೇಬರು, ಚಳಿಗಾಲದಲ್ಲಿ ರಸ್ತೆಯ ಹಿಮ ಬಳಿದು ತೆಗೆಯುವ ಗಾಡಿ. ಪಾಠದ ಕೊನೆಗೆ 'ನಮ್ಮ ಊರನ್ನು ಅರಿಯೋಣ' ಎಂಬ ಅಭ್ಯಾಸ.

ಮೊದಮೊದಲು ಅಕ್ಕೋರು ಅದನ್ನು ಮನಸ್ಸಿಟ್ಟೇ ಕಲಿಸಿದರು. ಬೇರೆ ಊರನ್ನು ನೋಡುವುದೆಂದರೆ ಅವರಿಗೂ ಆಸೆಯೇ. ಹಿಮ ಅಂದರೆ ಏನೆಂದು ತೋರಿಸಲು ಐಸ್ ಕ್ಯಾಂಡಿ ಮಾರುವವನಿಂದ ಐಸ್ ಪುಡಿ ತರಿಸಿ ಮಕ್ಕಳ ಅಂಗೈಗೆ ಹಾಕಿದ್ದರು. ಆಗ ರೇಣುಕಾ ಎಂಬ ಹುಡುಗಿ ಎದ್ದು ನಿಂತಳು. ಬಡಮಕ್ಕಳಿಗೆಂದು ಸರ್ಕಾರ ಮೀಸಲಿಟ್ಟ ಸೀಟಿನಲ್ಲಿ ಬಂದವಳು, ಮಾತೇ ಆಡದವಳು. ಪುಸ್ತಕದ ಚಿತ್ರದಲ್ಲಿ ಅಂಗಡಿಯ ಮುಂದೆ ಸೇಬುಹಣ್ಣು ತುಂಬಿದ ಟ್ರಕ್ಕು ನಿಂತಿತ್ತು. ಅದರ ಮೇಲೆ ಬೆರಳಿಟ್ಟು ಕೇಳಿದಳು.

"ಅಕ್ಕೋರ, ಈ ಟ್ರಕ್ಕು ಯಾರು ಇಳಸ್ತಾರ್ರಿ?"

ಅಕ್ಕೋರು ಪುಸ್ತಕ ತಿರುವಿದರು. ಹಿಂದಿನ ಪುಟ ನೋಡಿದರು, ಮುಂದಿನ ಪುಟ ನೋಡಿದರು. ಅಷ್ಟು ದೊಡ್ಡ ಪಾಠದಲ್ಲಿ ಭಾರ ಹೊರುವ ಒಬ್ಬ ಮನುಷ್ಯನೂ ಇರಲಿಲ್ಲ. "ನನಗೂ ಗೊತ್ತಿಲ್ಲವಾ" ಎಂದರು. ಅಂದು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಅದನ್ನು ನನಗೆ ಹೇಳಿ, "ಮೂರನೇತ್ತೆ ಹುಡುಗಿ ಕೇಳ್ತಾಳ, ನನಗ ತಿಳಿಲಿಲ್ಲ ನೋಡ್ರಿ" ಎಂದು ತಮ್ಮ ಮೇಲೆ ತಾವೇ ಸಿಟ್ಟಾದರು.

ಅರ್ಧವಾರ್ಷಿಕ ಪರೀಕ್ಷೆ ಬಂತು. ಪ್ರಶ್ನೆಪತ್ರಿಕೆ, ಉತ್ತರದ ಪಟ್ಟಿ ಎರಡೂ ಪ್ರಕಾಶಕರಿಂದಲೇ ಬರುತ್ತಿದ್ದವು. 'ನಿಮ್ಮ ಊರಿಗೆ ನೆರವಾಗುವ ನಾಲ್ವರನ್ನು ಹೆಸರಿಸಿ' ಎಂದು ಒಂದು ಪ್ರಶ್ನೆ. ಪಟ್ಟಿಯ ಪ್ರಕಾರ ಉತ್ತರ: ಮೇಯರ್, ಬೆಂಕಿ ಆರಿಸುವವರು, ಲೈಬ್ರರಿಯವರು, ಅಂಚೆಯವರು. ರೇಣುಕಾ ಸೊಟ್ಟ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿದ್ದಳು: ಹಮಾಲ, ನೀರು ಬಿಡುವವನು, ಅಂಚೆಯವರು, ಅಕ್ಕೋರು. ಅಕ್ಕೋರು ಪೂರ್ತಿ ಅಂಕ ಕೊಟ್ಟರು. ಹೀಗೆಯೇ ಅರ್ಧ ಕ್ಲಾಸು ತಮ್ಮ ತಮ್ಮ ಓಣಿಯ ಜನರ ಹೆಸರು ಬರೆದಿತ್ತು, ಅವರಿಗೂ ಕೊಟ್ಟರು. ಹೆಡ್ ಮೇಡಂ ಪತ್ರಿಕೆಗಳನ್ನು ಮತ್ತೆ ತರಿಸಿ, ಪಟ್ಟಿಗೆ ಹೊಂದದ ಅಂಕಗಳನ್ನೆಲ್ಲ ಹಸಿರು ಪೆನ್ನಿನಿಂದ ಹೊಡೆದು ಹಾಕಿದರು. ಅಂಚೆಯವರ ಪುಣ್ಯದಿಂದ ರೇಣುಕಾಗೆ ಒಂದು ಅಂಕ ಉಳಿಯಿತು.

ಸೆರಗು ಸಿಕ್ಕಿಸಿಕೊಂಡು ಅಕ್ಕೋರು ಹೆಡ್ ಮೇಡಂ ಕೋಣೆಗೆ ಹೋದರು. ನಾನು ಅಲ್ಲಿ ಕನ್ನಡದ ಪತ್ರಿಕೆಗಳನ್ನು ಕೊಡಲು ನಿಂತಿದ್ದೆ.

"ಪ್ರಶ್ನಿಯೊಳಗ 'ನಿಮ್ಮ ಊರು' ಅಂತ ಐತಲ್ರಿ ಮೇಡಂ. ಆಕಿ ಊರು ಬ್ಯಾಡಗಿ. ಹಮಾಲರು ಒಂದ್ ದಿನ ಕೈ ಕಟ್ಟಿ ಕುಂತ್ರ ಬ್ಯಾಡಗಿ ನಡೀತೈತೇನ್ರಿ?"

"ನೀವು ಹೇಳೂದು ಖರೇರಿ" ಎಂದರು ಹೆಡ್ ಮೇಡಂ. ಅವರು ಕೆಟ್ಟವರಲ್ಲ, ದಣಿದವರು. "ಆದ್ರ ಪಾಠದಾಗ ಇರಬೇಕಲ್ಲ? ಮೇಪಲ್‌ಫೋರ್ಡಿನಾಗ ಹಮಾಲರಿಲ್ಲ."

"ಹಂಗಾದ್ರ ಆ ಟ್ರಕ್ಕು ಯಾರು ಇಳಸ್ತಾರ್ರಿ?"

"ಮಶಿನ್ ಇರಬೇಕು ಬಿಡ್ರಿ."

"ಮಶಿನ್ನಿಗಾರ ಒಂದ್ ಮಾರ್ಕ್ಸ್ ಕೊಡ್ತೀರೇನು?"

ಅಂಕಗಳು ವಾಪಸು ಬರಲಿಲ್ಲ. ಆದರೆ ಮರುವಾರ ಅಕ್ಕೋರು ಮಕ್ಕಳಿಗೆ ಹೊಸ ಕೆಲಸ ಹಚ್ಚಿದರು. "ಅವ್ರು ತಮ್ಮ ಊರು ಹೆಂಗೈತಿ ಅಂತ ನಮಗ ಇಷ್ಟ ಚಂದ ಹೇಳ್ಯಾರ. ನಾವು ಬಾಯಿ ಮುಚ್ಚಿಕೊಂಡು ಕುಂದ್ರೂದು ರೀತಿ ಅಲ್ಲ. ಮೇಪಲ್‌ಫೋರ್ಡಿನ ಹುಡುಗೂರಿಗೆ ನಮ್ಮ ಊರು ಹೆಂಗೈತಿ ಅಂತ ಕಾಗದ ಬರೀರಿ. ಇಂಗ್ಲಿಷ್ ಬರಲಿಲ್ಲಂದ್ರ ಕನ್ನಡದಾಗ ಬರೀರಿ. ಅವರೂ ಯಾರ ಹತ್ರಾರ ಓದಿಸಿಕೊಳ್ಳಲಿ. ನಾವು ಅವರ ಪುಸ್ತಕ ಓದಾಕ ಒದ್ದಾಡಿಲ್ಲೇನು?"

ಕನ್ನಡದ ಕಾಗದಗಳನ್ನು ತಿದ್ದಲು ನನಗೆ ಕೊಟ್ಟರು. ಅವನ್ನು ಓದಿ ನಾನು ಎಷ್ಟು ನಕ್ಕೆ! 'ನಮ್ಮ ಊರಾಗ ಹಿಮ ಬೀಳಂಗಿಲ್ಲ, ಮೆಣಸಿನಕಾಯಿ ಘಾಟು ಬೀಳತೈತಿ' ಎಂದು ಒಬ್ಬಳು. 'ನಮ್ಮ ಊರಾಗ ಸೀನಿದ್ರ ಅಪಶಕುನ ಅನ್ನಂಗಿಲ್ಲ. ಅಂದ್ರ ಯಾರೂ ಮನಿ ಬಿಟ್ಟು ಹೊರಗ ಹೋಗಾಕ ಆಗಂಗಿಲ್ಲ' ಎಂದು ಒಬ್ಬ. 'ನಿಮ್ಮ ಮೇಯರ್ ಸಾಹೇಬ್ರು ಯಾಕ ಸೈಕಲ್ ಮ್ಯಾಲ ಬರ್ತಾರ, ಅವ್ರ ಗಾಡಿ ಕೆಟ್ಟೈತೇನು?' ಎಂದು ಇನ್ನೊಬ್ಬ. ರೇಣುಕಾ ಮಾತ್ರ ಅರ್ಧ ಪುಟ ಬರೆದಿದ್ದಳು. ಮನೆ, ಆಡು, ಕೆರೆ ಇದ್ದವು. 'ನಮ್ಮ ತಂದೆ' ಎಂದು ಒಂದು ಸಾಲು ಸುರುಮಾಡಿ ಅಲ್ಲಿಗೇ ಬಿಟ್ಟಿದ್ದಳು.

ಅಕ್ಕೋರು ಪ್ರಕಾಶಕರಿಗೆ ಪತ್ರ ಬರೆದು, ಮೇಪಲ್‌ಫೋರ್ಡಿನ ಶಾಲೆಯ ವಿಳಾಸ ಕೇಳಿದರು. ಉತ್ತರ ಬರಲು ಬಹಳ ದಿನ ಹಿಡಿಯಿತು. ಬಂದದ್ದು ನಾಲ್ಕೇ ಸಾಲು. ನಿಮ್ಮ ಆಸಕ್ತಿಗೆ ಧನ್ಯವಾದ, ಮೇಪಲ್‌ಫೋರ್ಡ್ ಎಂಬ ಊರು ಇಲ್ಲ, ಅದು ಮಕ್ಕಳ ಕಲಿಕೆಗಾಗಿ ಕಲ್ಪಿಸಿಕೊಂಡದ್ದು.

ಅವರು ಅದನ್ನು ಸ್ಟಾಫ್ ರೂಮಿನಲ್ಲಿ ಎರಡು ಸಲ ಗಟ್ಟಿಯಾಗಿ ಓದಿದರು. ಇಂಗ್ಲಿಷ್ ಸರ್ ನಕ್ಕುಬಿಟ್ಟರು. ನಗಬಾರದಿತ್ತು.

"ನಗತೀರೇನ್ರಿ? ಇಲ್ಲದ ಊರು! ಇಲ್ಲದ ಊರಿನ ಸಲುವಾಗಿ ಇರೂ ಊರಿನ ಹುಡುಗೂರ ಮಾರ್ಕ್ಸ್ ಹೊಡದು ಹಾಕೀವಿ. ಆ ಹುಡುಗಿ ಕಣ್ಣೀಲೆ ಕಂಡದ್ದು ಬರದಾಳ, ತಪ್ಪು. ಯಾವನೋ ಕುರ್ಚಿ ಮ್ಯಾಲ ಕುಂತು ಕನಸು ಕಂಡಾನ, ಅದು ಖರೆ. ನಾವೆಲ್ಲಾ ಮಾಸ್ತರು ಏನು ನಾವು?"

ಆ ಕಾಗದವನ್ನು ಹಿಡಿದುಕೊಂಡೇ ಹೆಡ್ ಮೇಡಂ ಹತ್ತಿರ ಹೋದರು. ನನ್ನನ್ನೂ ಕರೆದುಕೊಂಡು ಹೋದರು. "ಇಲ್ಲದ ಊರು ಆರು ತಿಂಗಳು ಕಲಿಸೀನಿ. ಇರೂ ಊರು ಒಂದ್ ದಿನ ತೋರಸ್ತೀನಿ. ಸೋಮವಾರ ಮೂರನೇತ್ತೆ ಹುಡುಗೂರ್ನ ಮೆಣಸಿನಕಾಯಿ ಪ್ಯಾಟಿಗೆ ಕರಕೊಂಡು ಹೋಗ್ತೀನಿ." ಹೆಡ್ ಮೇಡಂ ಫೋನಿನಲ್ಲಿದ್ದರು. ಫೋನಿಗೆ ಕೈ ಅಡ್ಡ ಹಿಡಿದು, "ಹೋಗಿ ಬರ್ರಿ, ಆದ್ರ ಲಗೂ ಬರ್ರಿ. ಇವ್ರನ್ನೂ ಜೋಡಿ ಕರಕೊಂಡು ಹೋಗ್ರಿ" ಎಂದು ನನ್ನತ್ತ ತೋರಿಸಿದರು. ಈ ಮಾತನ್ನು ನಾನು ನನ್ನ ಕಿವಿಯಾರೆ ಕೇಳಿದೆ. ಇದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಸೋಮವಾರ ಪೇಟೆಯ ದಿನ. ಮಾಘದ ಬಿಸಿಲು. ಮಕ್ಕಳು ಇಬ್ಬಿಬ್ಬರು ಕೈ ಹಿಡಿದುಕೊಂಡು, ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ನಡೆದರು. ಬ್ಯಾಡಗಿಯಲ್ಲೇ ಹುಟ್ಟಿದ ಆ ಮಕ್ಕಳಲ್ಲಿ ಎಷ್ಟೋ ಜನ ಮಾರುಕಟ್ಟೆಯ ಯಾರ್ಡಿನ ಒಳಗೆ ಕಾಲಿಟ್ಟಿರಲಿಲ್ಲ. ಕಣ್ಣು ಹಾಯುವವರೆಗೂ ಕೆಂಪು ಚೀಲಗಳ ಸಾಲು, ಮುಖಕ್ಕೆ ಬಟ್ಟೆ ಸುತ್ತಿಕೊಂಡು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಕೂತ ಹೆಂಗಸರು, ಬಳ್ಳಾರಿ ಕಡೆಯಿಂದ ಬಂದ ಟ್ರಕ್ಕುಗಳು. ಅಕ್ಕೋರ ಮುಖ ಅಷ್ಟು ಅರಳಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಒಂದು ಮೆಣಸಿನಕಾಯಿ ಮುರಿದು, ಬಣ್ಣವನ್ನು ಮಕ್ಕಳ ಬೆರಳಿಗೆ ಹಚ್ಚಿ, "ಈ ಬಣ್ಣ ಎಲ್ಲೆಲ್ಲಿ ಹೋಗ್ತೈತಿ ಗೊತ್ತೈತೇನು? ಹೆಣ್ಮಕ್ಕಳು ತುಟಿಗೆ ಹಚ್ಚಿಕೊಳ್ಳೂ ಬಣ್ಣದಾಗೂ ಐತಿ" ಎಂದಾಗ ಹುಡುಗಿಯರು ನಾಚಿ ನಕ್ಕರು.

ಒಂದು ಟ್ರಕ್ಕಿನಿಂದ ಹಮಾಲರು ಚೀಲ ಇಳಿಸುತ್ತಿದ್ದರು. ಅವರಲ್ಲೊಬ್ಬ ರೇಣುಕಾಳ ಅಪ್ಪ. ನನಗೆ ಅವನ ಗುರುತಿತ್ತು, ನಮ್ಮ ಓಣಿಯ ಹಿಂದೆಯೇ ಅವರ ಮನೆ. ಅಕ್ಕೋರಿಗೆ ಗೊತ್ತಿರಲಿಲ್ಲ. ಶಾಲೆಯ ಫಾರಮ್ಮಿನಲ್ಲಿ ತಂದೆಯ ಉದ್ಯೋಗ 'ವ್ಯಾಪಾರ' ಎಂದಿತ್ತು. ಬೆನ್ನ ಮೇಲೆ ಚೀಲ ಹೊತ್ತು ತಿರುಗಿದವನು ಮಗಳನ್ನು ಕಂಡ. ಒಂದು ಕ್ಷಣ ನಿಂತ. ತಲೆಯ ವಸ್ತ್ರವನ್ನು ಹಣೆಯ ಮೇಲೆ ಕೆಳಗೆ ಎಳೆದುಕೊಂಡ. ರೇಣುಕಾ ಜೋಡಿ ಹುಡುಗಿಯ ಕೈ ಬಿಟ್ಟು ನನ್ನ ಹಿಂದೆ ಬಂದು ನಿಂತಳು.

ಅಷ್ಟು ಜನರಲ್ಲಿ ಅಕ್ಕೋರು ಅವನನ್ನೇ ಕರೆದರು. "ಅಣ್ಣಾರ, ಒಂದೀಟು ಇಲ್ಲಿ ಬರ್ರಿ. ನಮ್ಮ ಹುಡುಗೂರಿಗೆ ಟ್ರಕ್ಕು ಹೆಂಗ ಇಳಸ್ತೀರಿ ಹೇಳ್ರಿ."

ಅವನು ಚೀಲ ಇಳಿಸಿ ಬಂದ. ಕೈ ಕಟ್ಟಿಕೊಂಡು, ನೆಲ ನೋಡುತ್ತ, ಚೀಲಕ್ಕೆ ಕೊಕ್ಕೆ ಹಾಕುವುದು ಹೇಗೆ, ಭಾರವನ್ನು ಸೊಂಟಕ್ಕೆ ಬಿಡದೆ ಬೆನ್ನಿಗೆ ಕೊಡುವುದು ಹೇಗೆ ಎಂದೆಲ್ಲ ಹೇಳಿದ. ಮಕ್ಕಳಿಗೆ "ನೀವು, ನೀವು" ಎನ್ನುತ್ತಿದ್ದ. ಕಣ್ಣು ಒಮ್ಮೆಯೂ ಮಗಳ ಕಡೆ ಹೊರಳಲಿಲ್ಲ. ನಾನು ಬಾಯಿ ತೆರೆಯಬೇಕಿತ್ತು. ತೆರೆಯಲಿಲ್ಲ.

"ಅಣ್ಣಾರಿಗೆ ಏನಂತೀರಿ?" ಎಂದರು ಅಕ್ಕೋರು.

"ಥ್ಯಾಂಕ್ಯೂ ಅಂಕಲ್" ಎಂದು ಮಕ್ಕಳೆಲ್ಲ ಒಂದೇ ದನಿಯಲ್ಲಿ ಕೂಗಿದರು. ನನ್ನ ಹಿಂದಿನಿಂದ ರೇಣುಕಾಳ ದನಿಯೂ ಬಂತು. ಹೆತ್ತ ಅಪ್ಪನಿಗೆ ಆ ಮಗು ಥ್ಯಾಂಕ್ಯೂ ಅಂಕಲ್ ಎಂದಿತು. ಅವನು ತಲೆ ಅಲ್ಲಾಡಿಸಿ ಟ್ರಕ್ಕಿನತ್ತ ನಡೆದ.

ಶಾಲೆಗೆ ಮರಳಿದ ಮೇಲೆ ನಾನು ಅಕ್ಕೋರನ್ನು ಬದಿಗೆ ಕರೆದು ಹೇಳಿದೆ. ಅವರ ಮುಖ ಬಿಳಿಚಿಕೊಂಡಿತು.

"ನಿಮಗ ಗೊತ್ತಿತ್ತು?"

"ಗೊತ್ತಿತ್ರಿ."

"ಗೊತ್ತಿದ್ದೂ ನಿಂತು ನೋಡಿದ್ರಿ?"

"ನೀವ ಕರದ್ರೆಲ್ರಿ ಅವ್ನ..."

"ನಾ ಉಮೇದಿಯೊಳಗಿದ್ದೆ. ನನಗ ಕಣ್ಣು ಕಾಣಲಿಲ್ಲ. ನೀವು ಸುಮ್ಮನ ನಿಂತಿದ್ರೆಲ್ಲ, ನಿಮಗ ಕಾಣಬೇಕಾಗಿತ್ತು!"

ಮರುದಿನ ಆಟದ ಹೊತ್ತಿನಲ್ಲಿ ಖಾಲಿ ಕ್ಲಾಸಿನಲ್ಲಿ ಅವರು ರೇಣುಕಾಳ ಪಕ್ಕ ಆ ಸಣ್ಣ ಬೆಂಚಿನ ಮೇಲೆ ಮೊಣಕಾಲು ಮಡಚಿ ಕೂತಿದ್ದರು. ನಾನು ಬಾಗಿಲ ಹೊರಗಿದ್ದೆ. "ನಂದು ತಪ್ಪಾತವಾ" ಎಂದದ್ದು ಕೇಳಿಸಿತು. ಆ ಮಾತು ಅವರ ಬಾಯಲ್ಲಿ ಕೇಳಿದ್ದು ನಾನು ಅದೊಂದೇ ಸಲ. ಹುಡುಗಿ, "ಅಕ್ಕೋರ, ಆ ಊರಾಗ ಖರೇನ ಹಮಾಲರಿಲ್ಲೇನ್ರಿ?" ಎಂದಳು.

"ಆ ಊರ ಇಲ್ಲವಾ. ಸುಳ್ಳ ಊರು ಅದು."

ರೇಣುಕಾ ಅವರ ಮುಖ ನೋಡಿದಳು. ಆಮೇಲೆ ನಕ್ಕಳು. ಚೀಲದಿಂದ ಕಾಗದ ತೆಗೆದು ನಿಲ್ಲಿಸಿದ್ದ ಸಾಲನ್ನು ಮುಗಿಸಿದಳು. ಅದನ್ನು ನಾನೇ ತಿದ್ದಿದೆ, ಆದ್ದರಿಂದ ನೆನಪಿದೆ: 'ನಮ್ಮ ತಂದೆ ಟ್ರಕ್ಕು ಇಳಿಸುತ್ತಾರೆ. ನಿಮ್ಮ ಊರಿನಲ್ಲಿ ಯಾರ ತಂದೆ ಇಳಿಸುತ್ತಾರೆ, ಬರೆಯಿರಿ.'

ಇಷ್ಟರಲ್ಲೇ ಎಲ್ಲ ಮುಗಿದಿದ್ದರೆ ನಾನಿದನ್ನು ಬರೆಯುತ್ತಿರಲಿಲ್ಲ. ಆ ವಾರವೇ ದೂರುಗಳು ಬಂದವು. ಒಂದು ಮಗುವಿಗೆ ಘಾಟಿನಿಂದ ಕೆಮ್ಮು ಹತ್ತಿತ್ತು, ಅದು ನಿಜ. ಉಳಿದವರಿಗೆ ಕೆಮ್ಮಲ್ಲ, ಬೇರೆ ಏನೋ ಗಂಟಲಿಗೆ ಸಿಕ್ಕಿತ್ತು. ಶಾಲೆಯ ಚೇರ್ಮನ್ನರು ಸಭೆ ಕರೆದರು. ಯಾರ್ಡಿನಲ್ಲಿ ಅವರದೇ ಅಂಗಡಿ ಇದೆ, ಊರ ಹೊರಗೆ ಕೋಲ್ಡ್ ಸ್ಟೋರೇಜ್ ಇದೆ.

"ಅಲ್ರಿ ಬಾಯಾರ," ಎಂದರು ಅವರು, "ನಮ್ಮ ಹುಡುಗೂರು ಆ ಪ್ಯಾಟಿ ಧೂಳಿನಿಂದ ಹೊರಗ ಬರ್ಲಿ ಅಂತ ನಾವು ಈ ಸಾಲಿ ಕಟ್ಟೀವಿ. ನೀವು ಅವ್ರನ್ನ ಮತ್ತ ಅಲ್ಲೇ ಒಯ್ದು, ಹಮಾಲರ ಮುಂದ ನಿಂದ್ರಿಸಿ ಥ್ಯಾಂಕ್ಸ್ ಹೇಳಸ್ತೀರೇನು?"

"ಹೇಳಸ್ತೀನಿ" ಎಂದರು ಅಕ್ಕೋರು. "ನೀವೂ ಹೇಳ್ರಿ. ನಿಮ್ಮ ಅಂಗಡಿ ಚೀಲ ನೀವ ಹೊತ್ತೀರೇನು ಯಾವಾಗರ?"

ಸಭೆ ಅಲ್ಲಿಗೆ ಮುಗಿಯಿತು. ಮರುದಿನ ಹೆಡ್ ಮೇಡಂ ನನ್ನನ್ನು ಕರೆದು ಒಂದು ಕಾಗದ ಮುಂದಿಟ್ಟರು. 'ಮುಖ್ಯ ಶಿಕ್ಷಕಿಯವರ ಅನುಮತಿ ಇಲ್ಲದೆ ಮಕ್ಕಳನ್ನು ಹೊರಗೆ ಕರೆದೊಯ್ದದ್ದು ನಿಜ' ಎಂದು ಟೈಪು ಮಾಡಿತ್ತು. ಕೆಳಗೆ ಸಾಕ್ಷಿ ಎಂದು ನನ್ನ ಹೆಸರು. ಹೆಡ್ ಮೇಡಂ ನನ್ನ ಮುಖ ನೋಡದೆ ಪೆನ್ನು ಮುಂದೆ ಮಾಡಿದರು. "ನನ್ನ ಕೈಯಾಗೂ ಇಲ್ರಿ" ಎಂದರು.

ನಾನು ಸಹಿ ಮಾಡಿದೆ. ಕಾರಣ ಹುಡುಕಿದರೆ ಸಿಗುತ್ತವೆ: ಮಗಳು ಅದೇ ಶಾಲೆಯಲ್ಲಿದ್ದಳು, ಬೇರೆ ಕೆಲಸ ಸಿಗುವುದು ಕಷ್ಟವಿತ್ತು, ಮಾವನವರಿಗೂ ಚೇರ್ಮನ್ನರಿಗೂ ಹಳೆಯ ಪರಿಚಯ. ಇವೆಲ್ಲ ಆಮೇಲೆ ಜೋಡಿಸಿಕೊಂಡವು. ಅವತ್ತು ಪೆನ್ನು ಕೊಟ್ಟರು, ನಾನು ತೆಗೆದುಕೊಂಡೆ. ಅಷ್ಟೇ ಆದದ್ದು.

ಕೆಲಸದಿಂದ ತೆಗೆದ ಆದೇಶದ ಜೊತೆಗೆ ಆ ಕಾಗದದ ಪ್ರತಿಯನ್ನು ಅಕ್ಕೋರಿಗೆ ಕೊಟ್ಟಾಗ ಅವರು ಕೂಗಾಡಲಿಲ್ಲ. ಅದನ್ನು ಹಿಡಿದು ನನ್ನ ಮೇಜಿನ ಹತ್ತಿರ ಬಂದರು.

"ಇದು ನಿಮ್ಮ ಸಹಿನೇನ್ರಿ?"

"ಹೌದ್ರಿ."

"ಅಕ್ಷರ ಭಾಳ ದುಂಡಗ ಅದಾವು" ಎಂದರು. ಮಕ್ಕಳ ಕಾಗದಗಳ ಕಟ್ಟನ್ನು ಚೀಲಕ್ಕೆ ಹಾಕಿಕೊಂಡು ಹೊರಟುಹೋದರು. ಹಿಂದೆಯೇ ರೇಣುಕಾಳ ಅಪ್ಪ ಅವಳನ್ನು ಸರ್ಕಾರಿ ಶಾಲೆಗೆ ಹಾಕಿದ. ಮರುವರ್ಷ ನಮ್ಮ ಶಾಲೆ ಬಣ್ಣದ ಕರಪತ್ರ ಹೊರಡಿಸಿತು. ಅದರಲ್ಲಿ 'ಮಕ್ಕಳಿಗೆ ಊರಿನ ಪರಿಚಯ ಪ್ರವಾಸ' ಎಂದು ಒಂದು ಫೋಟೋ. ಚೇರ್ಮನ್ನರ ಕೋಲ್ಡ್ ಸ್ಟೋರೇಜಿನ ಮುಂದೆ ಮಕ್ಕಳು ಬಿಳಿ ಟೊಪ್ಪಿಗೆ ಹಾಕಿಕೊಂಡು ನಿಂತಿದ್ದರು. ಹಮಾಲರು ಅದರಲ್ಲೂ ಇರಲಿಲ್ಲ.

ಅಕ್ಕೋರು ಹಲಗೇರಿ ಹತ್ತಿರದ ಒಂದು ಸರ್ಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿ ಸೇರಿದರೆಂದು ಕೇಳಿದೆ. ವರ್ಷಗಳು ಕಳೆದವು. ಈ 'ವರ್ಷಗಳು ಕಳೆದವು' ಎಂಬುದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ. ರಾಣೆಬೆನ್ನೂರಿನ ಸಂತೆಗೆ ಎಷ್ಟೋ ಸಲ ಹೋದೆ, ಹಲಗೇರಿಯ ಬಸ್ಸು ಕಣ್ಣೆದುರೇ ನಿಂತಿರುತ್ತಿತ್ತು. ಕಡೆಗೆ ಅವರಿಗೆ ಆಪರೇಶನ್ ಆಗಿ ಹಾಸಿಗೆ ಹಿಡಿದಿದ್ದಾರೆ ಎಂದು ತಿಳಿದಾಗ ಹೋದೆ.

ಅಣ್ಣನ ಮನೆಯ ನಡುಮನೆಯಲ್ಲಿ ಮಲಗಿದ್ದರು. ಅರ್ಧಕ್ಕರ್ಧ ಇಳಿದಿದ್ದರು. ಹಾಸಿಗೆಯ ಮೇಲೆ ಮಕ್ಕಳ ನೋಟ್‌ಬುಕ್ಕುಗಳ ರಾಶಿ. ನನ್ನನ್ನು ಕಂಡು, "ಬರ್ರಿ, ಕುಂದ್ರಿ" ಎಂದರು. ಅವರ ಅತ್ತಿಗೆ ಚಹಾ ತಂದಿಟ್ಟರು. ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಮರೆತು, ಬರೀ ಅಳು ಬಂತು.

"ನನ್ನಿಂದ ತಪ್ಪಾತ್ರಿ ಅಕ್ಕೋರ. ಮಾಫ್ ಮಾಡ್ರಿ."

ಅವರು ಕೈಯಲ್ಲಿದ್ದ ಪುಸ್ತಕ ಮುಚ್ಚಿಟ್ಟರು.

"ಮಾಡಂಗಿಲ್ರಿ" ಎಂದರು.

ಕಾಯಿಲೆಯವರ ಬಾಯಿಂದ ನಾನು ಇದನ್ನು ನಿರೀಕ್ಷಿಸಿರಲಿಲ್ಲ.

"ನಾ ಮಾಫ್ ಮಾಡಿದ್ರ ನೀವು ನಾಳಿಂದ ಆರಾಮ ಆಗಿಬಿಡ್ತೀರಿ. ಮುಂದ ನನ್ನಂಥಾಕಿ ಮತ್ತೊಬ್ಬಾಕಿ ಬರ್ತಾಳ, ಅವ್ರು ಮತ್ತ ಪೆನ್ನು ಕೊಡ್ತಾರ, ನೀವು ಮತ್ತ ಸಹಿ ಮಾಡ್ತೀರಿ. ಇಲ್ಲಿ ಬಂದು ನನ್ನ ಮುಂದ ಅತ್ತರ ಏನು ಬಂತು? ಸುಳ್ಳು ಬರದ ಕಾಗದ ಆ ಆಫೀಸಿನಾಗ ಐತಿ, ಇಲ್ಲಿಲ್ಲ. ಚಾ ಕುಡೀರಿ, ಆರತೈತಿ."

ಚಹಾ ಕುಡಿದೆ. ಬಸ್ಸಿನಲ್ಲಿ ಬರುವಾಗ ನನಗೆ ಅವರ ಮೇಲೆ ಭಯಂಕರ ಸಿಟ್ಟು ಬಂದಿತ್ತು. ಸಾಯುವ ಕಾಲಕ್ಕೂ ಎರಡು ಮೆತ್ತನೆಯ ಮಾತು ಆಡಬಾರದೇ ಈ ಹೆಂಗಸು ಎಂದುಕೊಂಡೆ. ಅವರು ಹೇಳಿದ್ದನ್ನು ಆಗಲೇ ಮಾಡಿದ್ದರೆ ಅವರಿದ್ದಾಗಲೇ ಆಗುತ್ತಿತ್ತು. ಆ ಸಿಟ್ಟನ್ನೇ ನೆಪ ಮಾಡಿಕೊಂಡು ಅದನ್ನೂ ಮುಂದೂಡಿದೆ. ಒಂದೂವರೆ ತಿಂಗಳಿಗೆ ಅವರು ಹೋದರು.

ಅವತ್ತು ಬಸ್ ಸ್ಟ್ಯಾಂಡಿನಿಂದ ಹಾವೇರಿಗೆ ಹೋಗಲಿಲ್ಲ ಎಂದೆನಲ್ಲ, ತಿರುಗಿ ಮನೆಗೆ ಬಂದು ಬರೆಯಲು ಕೂತೆ. ಪ್ರವಾಸಕ್ಕೆ ಅನುಮತಿ ಕೊಟ್ಟದ್ದು, ಕೊಟ್ಟವರು, ಆಗ ನಾನಿದ್ದದ್ದು, ನಂತರ ಸುಳ್ಳಿಗೆ ನಾನು ಮಾಡಿದ ಸಹಿ, ಎಲ್ಲ ಒಂದೇ ಪುಟದಲ್ಲಿ ಬರೆದೆ. ಮರುದಿನ ಮುಂಜಾನೆ ಶಾಲೆಯ ಆಫೀಸಿನಲ್ಲಿ ಹೆಡ್ ಮೇಡಂ ಮುಂದಿಟ್ಟೆ. ಅವರು ಓದಿದರು. ಮುಖ ಸಣ್ಣದಾಯಿತು.

"ಈಗ್ಯಾಕ್ರಿ ಇದು? ಅವ್ರ ಹೋಗಿಬಿಟ್ರು."

"ಸಹಿ ಮಾಡಿದಾಕಿ ಬದುಕ್ಯಾಳಲ್ರಿ" ಎಂದೆ. "ಅವ್ರ ಫೈಲಿನಾಗ ಹಚ್ರಿ. ನನಗೊಂದು ಪ್ರತಿ ಶಿಕ್ಕಾ ಹೊಡದು ಕೊಡ್ರಿ."

"ಚೇರ್ಮನ್ನರ್ನ ಕೇಳಿ..."

"ಕೇಳ್ರಿ. ನಾ ಕುಂತಿರ್ತೀನಿ."

ಪ್ರಾರ್ಥನೆಯ ಗಂಟೆ ಬಾರಿಸಿತು. ನನ್ನ ಮೊದಲ ಪಿರಿಯಡ್ ಸುರುವಾಯಿತು. ಹೆಡ್ ಮೇಡಂ ಎರಡು ಸಲ ಫೋನ್ ಎತ್ತಿದರು, ಎರಡು ಸಲವೂ ಇಟ್ಟರು. ಆಮೇಲೆ ಡ್ರಾವರ್ ಎಳೆದು, ಶಿಕ್ಕಾ ತೆಗೆದು, ಪ್ರತಿಯ ಮೂಲೆಯಲ್ಲಿ ಒತ್ತಿ, ನನ್ನ ಕಡೆ ಸರಿಸಿದರು. ನಾನು ಅದನ್ನು ಮುಟ್ಟಲಿಲ್ಲ.

"ತಾರೀಖು ಹಾಕ್ರಿ" ಎಂದೆ.